ಟಿಸಿ ಹಿಡಿದ ಷಡ್ಜ

ಡ್ರೋನ್ ಸಂಗೀತ ಮಾಡಬೇಕು ಎಂದು ಬೆಳಗಾವಿಯ ನಮ್ಮ ಸ್ಟುಡಿಯೋಗೆ ಬರುವ ಹುಡುಗರು ಮೊದಲು ಕೇಳುವುದು, ಯಾವ ಸಿಂಥ್ (ಎಲೆಕ್ಟ್ರಾನಿಕ್ ಸ್ವರವಾದ್ಯ) ತಗೊಳ್ಳಲಿ ಅಂತ. ನಾನು ಕೇಳುವುದು ಬೇರೆ: ನೀವು ರೆಕಾರ್ಡ್ ಮಾಡಿ ತಂದ ಜಾಗದ ಶ್ರುತಿ ಯಾವುದು? (ಹಾರುವ ಡ್ರೋನ್ ಅಲ್ಲ. ಎಳೆದ ಸ್ವರಗಳನ್ನು ಒಂದರ ಮೇಲೊಂದು ಹಾಸಿ, ಹೊರಗಿನ ಸದ್ದುಗಳನ್ನು ಬೆರೆಸಿ ಕಟ್ಟುವ ಸಂಗೀತ.)

ಬಹಳ ಜನ ತಮಗೆ ಬೇಕಾದ ಶ್ರುತಿಯಲ್ಲಿ ಸ್ವರ ಹಿಡಿದಿಟ್ಟು, ಆಮೇಲೆ ಮೇಲಿಂದ ಮಳೆ, ಹಕ್ಕಿ ಉದುರಿಸುತ್ತಾರೆ. ಒಗ್ಗರಣೆ ಹಾಕಿದ ಹಾಗೆ. ಎರಡೂ ಕೂಡುವುದೇ ಇಲ್ಲ. ಸದ್ದು ಮೊದಲು, ಸ್ವರ ಆಮೇಲೆ.

ಹೊಲದ ಬದುವಿನ ಟಿಸಿಯನ್ನೇ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರನ್ನೇ ನೋಡಿ. ನಮ್ಮ ಕರೆಂಟ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿನಲ್ಲಿ ಒಳಗಿನ ಕಬ್ಬಿಣ ಎರಡು ಸಲ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಅದರ ಗುಂಯ್ ಸದ್ದು 100 ಹರ್ಟ್ಜ್. ಜೊತೆಗೆ 200, 300, 400, 500 ಕೂಡ ಸಣ್ಣಗೆ ಇರುತ್ತವೆ. 100 ಅನ್ನು ಸ ಎಂದುಕೊಂಡರೆ 200 ಮೇಲಿನ ಸ, 300 ಪ, 400 ಮತ್ತೆ ಸ, 500 ಶುದ್ಧ ಗ. ತಂಬೂರಿಯಲ್ಲಿ ಯಾರೂ ಮೀಟದ ಗಂಧಾರ ಕೇಳುತ್ತದಲ್ವಾ, ಅದೂ ಇದೇ ಲೆಕ್ಕ.

ಹಾರ್ಮೋನಿಯಂನ ಬಿಳಿ ಐದು (ಐದನೇ ಬಿಳಿ ಮನೆ) ಟಿಸಿಯ 100ಕ್ಕೆ ಹತ್ತಿರ, ಆದರೆ 98. ಎರಡನ್ನೂ ಒಟ್ಟಿಗೆ ಬಿಟ್ಟರೆ ಸದ್ದು ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. ಸುಮ್ನೆ ತಲೆನೋವು. ಹೆಣ್ಣುದನಿಯ ತಂಬೂರಿಯ ಖರಜ (ಕೆಳಗಿನ ಸ) ತಂತಿಯನ್ನು ಕೊಂಚ ಏರಿಸಿ 100ಕ್ಕೆ ತನ್ನಿ. ಪೂರ್ತಿ ಕೂಡಿಸುವುದೂ ಬೇಡ. 0.2 ಹರ್ಟ್ಜ್ ಅಂತರ ಇಟ್ಟರೆ ಐದು ಸೆಕೆಂಡಿಗೊಂದು ಅಲೆ ಏಳುತ್ತದೆ. ಕರೆಂಟ್ ಹರಿಸುವ ಗ್ರಿಡ್ ಕೂಡ 50ರಲ್ಲೇ ಕಟ್ಟಿಹಾಕಿದಂತೆ ನಿಲ್ಲುವುದಿಲ್ಲ. ಅದು 49.9ಕ್ಕೆ ಇಳಿದರೆ ಟಿಸಿ 99.8 ಆಗುತ್ತದೆ. ಅಲೆಯ ವೇಗ ತಾನಾಗಿಯೇ ಬದಲಾಗುತ್ತದೆ. ಡ್ರೋನ್‌ನ ರುಚಿ ಇರುವುದು ಇಲ್ಲೇ. ನಾನಂತೂ ಈ ಏರಿಳಿತವನ್ನು ಸಾಫ್ಟ್‌ವೇರ್‌ನಲ್ಲಿ ಸರಿಮಾಡುವುದಿಲ್ಲ. ಅಂದ ಹಾಗೆ, ರೆಕಾರ್ಡರ್ ಹಿಡಿದು ಟಿಸಿ ಕೆಳಗೆ ಹೋಗಬೇಡಿ. ದೂರದಿಂದಲೇ ಸಾಕಷ್ಟು ಸಿಗುತ್ತದೆ.

ಶ್ರುತಿಯೇ ಇಲ್ಲದ ಸದ್ದು ಕಷ್ಟ. ಮಳೆಗಾಲದ ಗೋಕಾಕ್ ಫಾಲ್ಸ್‌ನಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಬೀಳುವಾಗ ಎಲ್ಲ ಆವರ್ತನಗಳೂ ಒಟ್ಟಿಗೆ ನುಗ್ಗುತ್ತವೆ. ಹಾಗೇ ಹಾಕಿದರೆ ತಂಬೂರಿಯನ್ನು ನುಂಗಿಬಿಡುತ್ತದೆ. 200ರ ಕೆಳಗಿನದನ್ನು ಕತ್ತರಿಸಿ, 300 ಮತ್ತು 500ರ ಹತ್ತಿರ ಕಿರಿದಾದ ಫಿಲ್ಟರ್ ಇಟ್ಟು ಅಷ್ಟನ್ನೇ ಹಾಯಿಸಿ. ನೀರೇ ಪ ಮತ್ತು ಗ ಹಿಡಿಯುತ್ತದೆ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಸದ್ದು ಇನ್ನೊಂದು ಬಗೆ. ಅಲ್ಲಿ ಏಟು ಜಾಸ್ತಿ, ಎಳೆತ ಕಡಿಮೆ. ಅರ್ಧ ವೇಗಕ್ಕೆ ಇಳಿಸಿದರೆ ಒಂದು ಸಪ್ತಕ ಕೆಳಗೆ ಬಂದು ತುಸು ಹರಡಿಕೊಳ್ಳುತ್ತದೆ.

ಇದೆಲ್ಲ ಅಮೆರಿಕದ ಸರಕು ಎಂದು ಮೂಗು ಮುರಿಯುವವರಿದ್ದಾರೆ. 1960ರಲ್ಲಿ ಅಲ್ಲಿನ ಸಂಗೀತ ಸಂಯೋಜಕ ಲಾ ಮಾಂಟೆ ಯಂಗ್ ಎರಡೇ ಸ್ವರ ಬರೆದು, ಬಹಳ ಹೊತ್ತು ಹಿಡಿದಿರಿ ಎಂದು ಸೂಚಿಸಿದ್ದು ನಿಜ. ಆದರೆ 1970ರಲ್ಲಿ ಅವರು ಹಿಂದೂಸ್ತಾನಿ ಗಾಯನದ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಅದೇ ಘರಾಣೆಯ ಅಬ್ದುಲ್ ಕರೀಂ ಖಾನ್ ನೆಲೆಸಿದ್ದು ಬೆಳಗಾವಿಗೆ ಹತ್ತಿರದ ಮೀರಜ್‌ನಲ್ಲಿ. ತಂಬೂರಿ ಮಾಡುವ ಕುಶಲಕರ್ಮಿಗಳ ಊರೂ ಅದೇ. ಯಾರ ಸರಕು ಎಲ್ಲಿಗೆ ಹೋಯಿತೋ!

ಪದರ ಎಷ್ಟಿರಬೇಕು ಎಂದು ಕೇಳುತ್ತಾರೆ. ಲೆಕ್ಕ ಇಲ್ಲ, ಆದರೆ 150 ಹರ್ಟ್ಜ್‌ನ ಕೆಳಗೆ ಒಟ್ಟಿಗೆ ಅಲೆಯುವ ಟಿಸಿ-ತಂಬೂರಿ ಜೋಡಿಯೊಂದೇ ಇರಲಿ. ಇನ್ನೊಂದು ಸೇರಿಸಿದರೆ ಕೆಸರು. ಪ್ರತಿ ಪದರವನ್ನೂ ಒಂದೆರಡು ನಿಮಿಷ ತಗೊಂಡು ಮೆಲ್ಲಗೆ ಏರಿಸಿ, ಒಳಗೆ ಬಂದದ್ದೇ ಗೊತ್ತಾಗಬಾರದು. ಕೊನೆಗೆ ಮೊಬೈಲ್‌ನಲ್ಲೂ ಒಮ್ಮೆ ಕೇಳಿ. ಅದರ ಪುಟ್ಟ ಸ್ಪೀಕರ್‌ನಿಂದ 100 ಹೆಚ್ಚುಕಡಿಮೆ ಬರುವುದೇ ಇಲ್ಲ. ಆದರೆ 200, 300, 400 ಸ್ಪಷ್ಟವಾಗಿದ್ದರೆ ಕಿವಿ ಆ 100 ಅನ್ನು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೇ ಮಿಕ್ಸ್ ಮಾಡುವಾಗ ಟಿಸಿಯ ಮೇಲಿನ ಸ್ವರಗಳನ್ನು ಕತ್ತರಿಸಬೇಡಿ.