ಭದ್ರಾವತಿ 675ರಲ್ಲಿ ಬಂದರೆ ರೇಡಿಯೋದೊಳಗೆ 455 ಏಕೆ?

ಪ್ರಶ್ನೆ: ತೀರ್ಥಹಳ್ಳಿಯ ನಮ್ಮ ಮನೆಯ ಹಳೆಯ ಟ್ರಾನ್ಸಿಸ್ಟರ್ ಕೆಟ್ಟಾಗ, ರಿಪೇರಿಯವರು ‘ಐ.ಎಫ್. ಕಾಯಿಲ್‌ಗಳನ್ನು 455ಕ್ಕೆ ಹೊಂದಿಸಬೇಕು’ ಎಂದರು. ನಾವು ಕೇಳುತ್ತಿದ್ದುದು ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್. ಈ 455 ಎಲ್ಲಿಂದ ಬಂತು?

ಉತ್ತರ: ಅದು ರೇಡಿಯೋ ತನ್ನೊಳಗೆ ತಾನೇ ಹುಟ್ಟಿಸಿಕೊಳ್ಳುವ ಮಧ್ಯಂತರ ಆವರ್ತನ, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಐ.ಎಫ್. ಮುಳ್ಳನ್ನು ಭದ್ರಾವತಿಗೆ ತಂದಾಗ ಒಳಗೆ ತರಂಗ ಹುಟ್ಟಿಸುವ ಆಸಿಲೇಟರ್ 1130 ಕಿಲೋಹರ್ಟ್ಸ್ ಉತ್ಪಾದಿಸುತ್ತದೆ; ಮಿಕ್ಸರ್‌ನಲ್ಲಿ ಅದು 675ರೊಡನೆ ಬೆರೆತು ಎರಡರ ವ್ಯತ್ಯಾಸವಾದ 455 ಹೊರಬರುತ್ತದೆ. ಧಾರವಾಡದ 765ಕ್ಕೆ ತಿರುಗಿಸಿದರೆ ಆಸಿಲೇಟರ್ 1220ಕ್ಕೆ ಏರುತ್ತದೆ, ವ್ಯತ್ಯಾಸ ಮಾತ್ರ ಅದೇ. ಯಾವ ನಿಲಯ ಹಿಡಿದರೂ ಮುಂದಿನ ಹಂತಗಳಿಗೆ ಒಂದೇ ಆವರ್ತನ ತಲುಪುವುದರಿಂದ, ಪಕ್ಕದ ನಿಲಯವನ್ನು ಸೋಸಿ ತೆಗೆಯುವ ಕಾಯಿಲ್‌ಗಳನ್ನು ಒಮ್ಮೆ ನಿಖರವಾಗಿ ಹೊಂದಿಸಿಬಿಟ್ಟರೆ ಸಾಕಾಗುತ್ತದೆ. 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟರೊಡೈನ್ ವಿಧಾನ ಇದೇ.

ಇದರಲ್ಲೊಂದು ತೊಡಕಿದೆ, ಅದು ಭದ್ರಾವತಿಯ ಕೇಳುಗರಿಗೇ ತಟ್ಟುವಂಥದ್ದು. 1130ಕ್ಕಿಂತ 455 ಹೆಚ್ಚಿರುವ 1585 ಕೂಡ ಮಿಕ್ಸರ್‌ನಲ್ಲಿ ಅದೇ ವ್ಯತ್ಯಾಸವನ್ನು ಕೊಡುತ್ತದೆ. ಇದನ್ನು ಪ್ರತಿಬಿಂಬ ಆವರ್ತನವೆನ್ನುತ್ತಾರೆ. ಮೀಡಿಯಂ ವೇವ್ ದೂರಕ್ಕೆ ಸಾಗುವ ರಾತ್ರಿಯಲ್ಲಿ 1584ರ ಯಾವುದೋ ದೂರದ ನಿಲಯ ಒಳನುಸುಳಿದರೆ, ಅದು 454 ಆಗಿ, ಭದ್ರಾವತಿಯ 455ರೊಡನೆ ಸೇರಿ 1 ಕಿಲೋಹರ್ಟ್ಸ್‌ನ ಸಿಳ್ಳೆಯಾಗಿ ಕೇಳಿಸಬಹುದು. ಧಾರವಾಡದ ಪ್ರತಿಬಿಂಬ 1675ರಲ್ಲಿ, ಅಂದರೆ ನಮ್ಮ ಮೀಡಿಯಂ ವೇವ್ ಪಟ್ಟಿಯ (ಬ್ಯಾಂಡ್) ಹೊರಗೆ ಬೀಳುತ್ತದೆ. ಎಫ್.ಎಂ.ನಲ್ಲಿ ಮಧ್ಯಂತರ ಆವರ್ತನವಾಗಿ 10.7 ಮೆಗಾಹರ್ಟ್ಸ್ ಆರಿಸಿದ್ದರ ಜಾಣತನ ಇಲ್ಲಿ ತಿಳಿಯುತ್ತದೆ: ಪ್ರತಿಬಿಂಬ ಬೀಳುವುದು ನಿಲಯದಿಂದ ಅದರ ಎರಡರಷ್ಟು ದೂರದಲ್ಲಿ; ಆ ದೂರ, 21.4, ಇಡೀ ಎಫ್.ಎಂ. ಪಟ್ಟಿಯ ಅಗಲಕ್ಕಿಂತ ಹೆಚ್ಚಾದ್ದರಿಂದ ಒಂದು ಎಫ್.ಎಂ. ನಿಲಯ ಇನ್ನೊಂದರ ಪ್ರತಿಬಿಂಬವಾಗಲಾರದು.

ಅಂಕಿ ತೋರಿಸುವ ಡಿಜಿಟಲ್ ಸೆಟ್‌ಗಳಲ್ಲಿ ಆಸಿಲೇಟರನ್ನು ಸಿಂಥೆಸೈಜರ್ ಎಂಬ, ಆವರ್ತನವನ್ನು ನಿಗದಿತ ಹೆಜ್ಜೆಗಳಲ್ಲಿ ಬದಲಿಸುವ ಸರ್ಕ್ಯೂಟ್ ನಡೆಸುತ್ತದೆ. ನಮ್ಮಲ್ಲಿ ಮೀಡಿಯಂ ವೇವ್ ನಿಲಯಗಳು 9 ಕಿಲೋಹರ್ಟ್ಸ್ ಅಂತರದಲ್ಲಿರುವುದರಿಂದ ಅದೂ 9ರ ಗುಣಕಗಳಲ್ಲಿಯೇ ಹೆಜ್ಜೆಯಿಡುತ್ತದೆ. 1130 ಒಂಬತ್ತರಿಂದ ಭಾಗವಾಗುವುದಿಲ್ಲ. ಆದ್ದರಿಂದ ಇಂಥ ಅನೇಕ ಸೆಟ್‌ಗಳು 450ನ್ನು ಮಧ್ಯಂತರ ಆವರ್ತನವಾಗಿ ಇಟ್ಟುಕೊಳ್ಳುತ್ತವೆ: ಭದ್ರಾವತಿಗೆ ಆಸಿಲೇಟರ್ 1125, ಅಂದರೆ ಸರಿಯಾಗಿ 9ರ 125 ಪಟ್ಟು. ಅಮೆರಿಕದ 10 ಕಿಲೋಹರ್ಟ್ಸ್ ಅಂತರಕ್ಕೂ 450 ಹೊಂದುತ್ತದೆ. ಹಾಗಾಗಿ ನಿಮ್ಮ ಹಳೆಯ ಟ್ರಾನ್ಸಿಸ್ಟರ್‌ಗೆ ರಿಪೇರಿಯವರು ಹೇಳಿದ್ದು ಸರಿಯೇ. ಆದರೆ 450ರ ಡಿಜಿಟಲ್ ಸೆಟ್‌ಗೆ ಕೈಗೆ ಸಿಕ್ಕಿತೆಂದು 455ರ ಫಿಲ್ಟರ್ ಹಾಕಿದರೆ, ಪರದೆಯ ಮೇಲೆ 675 ಎಂದೇ ಇರುತ್ತದೆ, ಸೆಟ್ ಮಾತ್ರ 670ರತ್ತ ಕಿವಿಗೊಟ್ಟು ಕುಳಿತಿರುತ್ತದೆ.