ಕೊರಿಂಥದ ಪಂಕ್ತಿಭೇದ: 1 ಕೊರಿಂಥ 11:17–34 ಓದುವ ಬಗೆ

ಯೇಸುವಿನ ನೆನಪಿಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಪ್ರಭುಭೋಜನದ ಭಾನುವಾರ ನಮ್ಮ ಸಭೆಗಳಲ್ಲಿ ಕೆಲವರು ಮುಂದೆ ಹೋಗದೆ ಬೆಂಚಿನಲ್ಲೇ ತಲೆ ತಗ್ಗಿಸಿ ಕುಳಿತಿರುತ್ತಾರೆ. ಕಾರಣ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ, "ನಾನು ಯೋಗ್ಯನಲ್ಲ." ಆ ವಾರ ಬಂದ ಕೋಪ, ತಪ್ಪಿದ ಪ್ರಾರ್ಥನೆ, ಮನಸ್ಸಿನಲ್ಲಿ ಸುಳಿದ ಕೆಟ್ಟ ಯೋಚನೆ ಎಲ್ಲವೂ ಅವರನ್ನು ಹಿಂದಕ್ಕೆ ಎಳೆಯುತ್ತವೆ. ಈ ಭಯದ ಬೇರು ಅಪೊಸ್ತಲ ಪೌಲನು ಗ್ರೀಸಿನ ಕೊರಿಂಥ ಊರಿನ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ (ಪತ್ರದ) 11ನೆಯ ಅಧ್ಯಾಯದ 27ನೆಯ ವಚನದಲ್ಲಿದೆ: ಅಯೋಗ್ಯವಾಗಿ ರೊಟ್ಟಿಯನ್ನು ತಿಂದು ಪಾತ್ರೆಯಿಂದ ಕುಡಿಯುವವನು ಕರ್ತನ ದೇಹಕ್ಕೂ ರಕ್ತಕ್ಕೂ ಅಪರಾಧಿ ಎಂಬ ಮಾತು. ಇದನ್ನು ಬಿಡಿಯಾಗಿ ಓದಿದರೆ ಯಾರಿಗಾದರೂ ಕೈ ನಡುಗುತ್ತದೆ. ಆದರೆ ಪೌಲನು ಇದನ್ನು ಬಿಡಿಯಾಗಿ ಬರೆದಿಲ್ಲ. 17ನೆಯ ವಚನದಿಂದಲೇ ಅವನು ಒಂದು ಊಟದ ಮನೆಯ ಜಗಳವನ್ನು ವಿಚಾರಿಸುತ್ತಿದ್ದಾನೆ.

ಜಗಳದ ಸ್ವರೂಪ 21 ಮತ್ತು 22ರಲ್ಲಿದೆ. ಸಭೆ ಕೂಡಿದಾಗ ಕೆಲವರು ತಮ್ಮ ಊಟವನ್ನು ತಾವೇ ಮುಂಚಿತವಾಗಿ ಮುಗಿಸುತ್ತಾರೆ. ಒಬ್ಬನು ಹಸಿದಿದ್ದಾನೆ, ಇನ್ನೊಬ್ಬನಿಗೆ ಅಮಲೇರಿದೆ. "ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರೋ?" ಎಂದು ಪೌಲನು ಕೇಳುತ್ತಾನೆ. ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು 20ರಲ್ಲಿ ಖಂಡತುಂಡವಾಗಿ ಹೇಳಿಬಿಟ್ಟಿದ್ದಾನೆ. ಕನ್ನಡಿಗರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದು ಪಂಕ್ತಿಭೇದ.

ಊರಿನ ಹಿನ್ನೆಲೆ ತಿಳಿದರೆ ಈ ಸಿಟ್ಟಿನ ಕಾರಣ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಳೆಯ ಕೊರಿಂಥವನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ರೋಮನ್ ವಸಾಹತಾಗಿ ಮತ್ತೆ ಕಟ್ಟಿಸಲು ತೊಡಗಿದ. ಅಲ್ಲಿಗೆ ಬಂದು ನೆಲೆಸಿದವರಲ್ಲಿ ಬಹಳ ಮಂದಿ ಬಿಡುಗಡೆ ಹೊಂದಿದ ಗುಲಾಮರು. ಎರಡು ಬಂದರುಗಳ ನಡುವಿನ ಊರಾದ್ದರಿಂದ ವ್ಯಾಪಾರದ ಹಣ ಹರಿದುಬಂತು. ಹೊಸದಾಗಿ ಮೇಲೆ ಬಂದವರಿಗೆ ತಾವು ಯಾರ ಪಕ್ಕದಲ್ಲಿ ಕೂರುತ್ತೇವೆ ಎಂಬುದು ದೊಡ್ಡ ವಿಷಯವಾಗಿತ್ತು. ಪೌಲನು ಅಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡುವ ಕಸುಬು ನಡೆಸುತ್ತ ಒಂದೂವರೆ ವರ್ಷ ಇದ್ದ. ಆ ಪ್ರಾಂತ್ಯದ ರೋಮನ್ ಅಧಿಪತಿ ಗಲ್ಲಿಯೋನನ ಹೆಸರಿರುವ ಡೆಲ್ಫಿಯ ಶಾಸನದ ನೆರವಿನಿಂದ ಆ ಕಾಲವನ್ನು ಕ್ರಿ.ಶ. 51ರ ಆಸುಪಾಸು ಎಂದು ಗುರುತಿಸುತ್ತಾರೆ. ಈ ಪತ್ರಿಕೆ ಅದಾದ ಕೆಲವು ವರ್ಷಗಳ ನಂತರ ಎಫೆಸದಿಂದ ಬಂದದ್ದು.

ಆಗ ಪ್ರಾರ್ಥನಾ ಮಂದಿರಗಳಿರಲಿಲ್ಲ. ಸಭೆ ಕೂಡುತ್ತಿದ್ದದ್ದು ಅನುಕೂಲಸ್ಥರ ಮನೆಗಳಲ್ಲಿ. ಇಡೀ ಸಭೆಗೆ ಆತಿಥ್ಯ ನೀಡಿದ ಗಾಯಸ್ ಎಂಬವನ ಹೆಸರು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿದೆ (16:23). ರೋಮನ್ ಶೈಲಿಯ ಊಟದ ಕೋಣೆಯಲ್ಲಿ ಮೂರು ಮಂಚಗಳಿರುತ್ತಿದ್ದವು, ಒರಗಿ ಕುಳಿತು ಉಣ್ಣಲು ಸುಮಾರು ಒಂಬತ್ತು ಮಂದಿಗೆ ಜಾಗ. ಉಳಿದವರಿಗೆ ಅಂಗಳವೇ ಗತಿ. ಕ್ರಿ.ಶ. 100ರ ಸುಮಾರಿನ ರೋಮನ್ ಅಧಿಕಾರಿ ಪ್ಲಿನಿ ತಾನು ಹೋಗಿದ್ದ ಔತಣವೊಂದನ್ನು ಪತ್ರದಲ್ಲಿ ಬಣ್ಣಿಸಿದ್ದಾನೆ: ಯಜಮಾನನಿಗೂ ಆಪ್ತರಿಗೂ ಉತ್ತಮ ಭಕ್ಷ್ಯ, ಉಳಿದವರಿಗೆ ಅಗ್ಗದ ತುಣುಕುಗಳು, ದ್ರಾಕ್ಷಾರಸದಲ್ಲೂ ಮೂರು ದರ್ಜೆ. ಪ್ಲಿನಿಗೆ ಅದು ಹಿಡಿಸಲಿಲ್ಲ, ಆದರೆ ಅಂಥ ಪದ್ಧತಿ ಇತ್ತು ಎಂಬುದಕ್ಕೆ ಅವನ ಪತ್ರವೇ ಸಾಕ್ಷಿ. ಭಾನುವಾರ ರಜಾದಿನವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಿ. ಬಂದರಿನ ಕೂಲಿಯೂ ಮನೆಯ ಗುಲಾಮನೂ ಕೆಲಸ ಮುಗಿಸಿಯೇ ಬರಬೇಕು. ಅವರು ಬರುವಷ್ಟರಲ್ಲಿ ಒಳಗಿನವರ ಊಟವಾಗಿರುತ್ತಿತ್ತು. ಕೋಣೆ ಮತ್ತು ಅಂಗಳದ ಈ ವಿವರ ಪತ್ರಿಕೆಯಲ್ಲಿಲ್ಲ; ಆ ಕಾಲದ ಮನೆಗಳನ್ನು ನೋಡಿ ವಿದ್ವಾಂಸರು ಕಟ್ಟಿಕೊಂಡ ಚಿತ್ರ ಇದು. ಹಸಿವು ಮತ್ತು ನಾಚಿಕೆ ಮಾತ್ರ ಪತ್ರಿಕೆಯದೇ ಮಾತು. ಅಧ್ಯಯನ ಮಾಡುವಾಗ ಈ ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ 23ರಿಂದ 26. "ಕರ್ತನಾದ ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ" ಎಂದು ಸಭಾಪಾಲಕರು ಮೇಜಿನ ಮುಂದೆ ಹೇಳುವ ಮಾತುಗಳು ಇಲ್ಲಿಯವೇ. ಸಾಮಾನ್ಯವಾಗಿ ಒಪ್ಪಿರುವ ಕಾಲಗಣನೆಯಂತೆ ಈ ಪತ್ರಿಕೆ ನಾಲ್ಕು ಸುವಾರ್ತೆಗಳಿಗಿಂತ ಮೊದಲಿನದು. ಹಾಗಾಗಿ ಕಡೆಯ ಭೋಜನದ ಬಗ್ಗೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹ ಇದು. ಇಷ್ಟು ಅಮೂಲ್ಯವಾದ ಮಾತನ್ನು ಪೌಲನು ಗದರಿಕೆಯ ನಡುವೆ ತಂದಿದ್ದಾನೆ. ತನ್ನನ್ನೇ ಮುರಿದು ಹಂಚಿದವನ ನೆನಪಿನ ಮೇಜಿನಲ್ಲಿ ಹಸಿದವನ ಎದುರೇ ಹೊಟ್ಟೆ ತುಂಬಿಸಿಕೊಳ್ಳುವುದು ಹೇಗೆ ಸಾಧ್ಯವಾಯಿತು ಎಂಬುದೇ ಅವನ ಪ್ರಶ್ನೆ. ನಾವು ಆರಾಧನೆಯಲ್ಲಿ ಈ ನಾಲ್ಕು ವಚನಗಳನ್ನು ಮಾತ್ರ ಓದಿ ಗದರಿಕೆಯನ್ನು ಬಿಟ್ಟುಬಿಡುತ್ತೇವೆ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಹೀಗೆ ಓದಿಕೊಂಡು ಬಂದರೆ 27ರ ಅಪರಾಧ ಯಾವುದೆಂದು ಗೊತ್ತಾಗುತ್ತದೆ. ಉಣ್ಣುವವನ ಹಿಂದಿನ ಪಾಪಗಳ ಲೆಕ್ಕವನ್ನು ಪೌಲನು ಇಲ್ಲಿ ತೆಗೆದಿಲ್ಲ. ಉಣ್ಣುವ ರೀತಿಯನ್ನು ಖಂಡಿಸುತ್ತಿದ್ದಾನೆ. 29ರಲ್ಲಿ "ದೇಹವನ್ನು" ವಿವೇಚಿಸದೆ ತಿನ್ನುವವನಿಗೆ ಎಚ್ಚರಿಕೆ ಇದೆ. ಆ ದೇಹ ಯಾವುದು? ರೊಟ್ಟಿಯಲ್ಲಿ ಕ್ರಿಸ್ತನ ದೇಹವನ್ನು ಕಾಣಬೇಕು ಎಂದು ಹಲವರು, ಸಭೆಯೆಂಬ ದೇಹವನ್ನು ಕಾಣಬೇಕು ಎಂದು ಹಲವರು ಅರ್ಥ ಮಾಡುತ್ತಾರೆ. ಪೌಲನು ಎರಡನ್ನೂ ಬೇರ್ಪಡಿಸಿರಲಾರ ಎಂಬುದು ನನ್ನ ತಿಳುವಳಿಕೆ: ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವು ಒಂದೇ ದೇಹ ಎಂದು 10:17ರಲ್ಲಿ ಹೇಳಿದ್ದಾನೆ, 12ನೆಯ ಅಧ್ಯಾಯ ಪೂರ್ತಿ ಅದೇ ಮಾತು. ಆದರೆ ನಾವು ಮರೆತಿರುವುದು ಎರಡನೆಯ ಅರ್ಥವನ್ನು. ಇನ್ನು 28ನ್ನು ಕೊನೆಯವರೆಗೂ ಓದಿ. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಎಂದಿದೆ. ಪರೀಕ್ಷೆ ಮುಗಿಯುವುದು ಮೇಜಿನ ಬಳಿಯೇ. ಬೆಂಚಿನಲ್ಲಿ ಉಳಿದುಬಿಡಿ ಎಂಬ ಆಜ್ಞೆ ಎಲ್ಲಿಯೂ ಇಲ್ಲ.

30ನೆಯ ವಚನದ ಬಗ್ಗೆ ಒಂದು ಮಾತು, ಏಕೆಂದರೆ ಅದರಿಂದ ನೊಂದವರು ಬಹಳ ಮಂದಿ. ನಿಮ್ಮಲ್ಲಿ ಅನೇಕರು ಬಲಹೀನರೂ ರೋಗಿಗಳೂ ಆಗಿದ್ದಾರೆ ಎಂದು ಪೌಲನು ಹೇಳಿದ್ದು ಬಡವರನ್ನು ಅವಮಾನಿಸಿದ ಒಂದು ಸಭೆಗೆ. ಇದನ್ನು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಹೇಳುವವರು ಯೋಹಾನ 9:3ನ್ನು ಓದಲಿ. ಕುರುಡನ ವಿಷಯದಲ್ಲಿ "ಯಾರು ಪಾಪ ಮಾಡಿದರು" ಎಂಬ ಪ್ರಶ್ನೆಯನ್ನೇ ಯೇಸು ತಳ್ಳಿಹಾಕಿದ್ದಾನೆ.

ನಮ್ಮ ನಾಡಿನ ಸಭೆಗಳಿಗೆ ಈ ಭಾಗ ಹೊಸದೇನಲ್ಲ. ತಮಿಳು ಪ್ರಾಂತ್ಯದ ಹಳೆಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಜಾತಿಗೊಂದು ಕಡೆ ಕೂರುವ ರೂಢಿ ಬಹುಕಾಲ ನಡೆದಿತ್ತು, ಪ್ರಭುಭೋಜನದಲ್ಲೂ ಮೊದಲು ಯಾರು ಎಂಬ ಭೇದವಿತ್ತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಅದನ್ನು ನಿಲ್ಲಿಸಬೇಕೆಂದು ಪತ್ರ ಬರೆದಾಗ ಹಲವರು ಸಭೆಯನ್ನೇ ಬಿಟ್ಟರು. ಮರುವರ್ಷ, 1834ರಲ್ಲಿ, ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಬಿಗಿ ನಿಲುವು ತಳೆಯಿತು. ಸೇರಿದವರು ಮನೆ, ಕಸುಬು, ಆಸರೆ ಕಳೆದುಕೊಂಡರು. ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳ ಹಿಂದೆ ಅವರಿಗೆ ಜೀವನೋಪಾಯ ಒದಗಿಸುವ ಈ ಅಗತ್ಯವೂ ಇತ್ತು. ಒಂದೇ ಮೇಜಿನಲ್ಲಿ ಕೂರಲು ತೆತ್ತ ಬೆಲೆ ಅದು. ಆ ಬೆಲೆ ತೆತ್ತವರ ಮೊಮ್ಮಕ್ಕಳು ಇಂದು ಮದುವೆಯ ಮಾತು ಬಂದ ಕೂಡಲೇ ಹಳೆಯ ಜಾತಿಯನ್ನು ಕೇಳುವುದನ್ನು ಕಂಡಾಗ ನನಗೆ ಕೊರಿಂಥ ದೂರದ ಊರೆನಿಸುವುದಿಲ್ಲ.

ಹಾಗಾದರೆ ಭೋಜನಕ್ಕೆ ಮೊದಲಿನ ಆ ಮೌನದ ನಿಮಿಷದಲ್ಲಿ ಏನನ್ನು ಪರೀಕ್ಷಿಸಿಕೊಳ್ಳಬೇಕು? ರಾತ್ರಿ ಪಾಳಿ ಮುಗಿಸಿ ತಡವಾಗಿ ಬರುವ ಗಾರ್ಮೆಂಟ್ಸ್ ಕೆಲಸದವಳಿಗೆ ನಮ್ಮ ಆರಾಧನೆಯಲ್ಲಿ ಜಾಗ ಉಳಿದಿದೆಯೇ? ಪ್ರೀತಿಭೋಜನದಲ್ಲಿ ಗಣ್ಯರಿಗೆ ಮೇಜು, ಉಳಿದವರಿಗೆ ಸಾಲು ಎಂದಾಗಿದೆಯೇ? ಗುಡಿಸುವ ಅಕ್ಕ, ಗೇಟು ಕಾಯುವ ಅಣ್ಣ ಎಲ್ಲಿ ಕುಳಿತು ಉಣ್ಣುತ್ತಾರೆ? ದೇಣಿಗೆ ಕೊಟ್ಟವರ ಹೆಸರುಗಳನ್ನು ಗಟ್ಟಿಯಾಗಿ ಓದುವಾಗ ಏನೂ ಕೊಡಲಾಗದವರ ಮುಖ ಯಾರಾದರೂ ನೋಡಿದ್ದೇವೆಯೇ? ಹಾಗೆಂದು ಖಾಸಗಿ ಪಾಪ ಲೆಕ್ಕಕ್ಕಿಲ್ಲ ಎಂದು ಯಾರೂ ತಿಳಿಯಬಾರದು. ಅದರ ವಿಷಯವನ್ನು ಪೌಲನು ಇದೇ ಪತ್ರಿಕೆಯ 5 ಮತ್ತು 6ನೆಯ ಅಧ್ಯಾಯಗಳಲ್ಲಿ ನೇರವಾಗಿಯೇ ಹೇಳಿದ್ದಾನೆ.

ಕೊನೆಗೆ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಹಸಿವಾದರೆ ಮನೆಯಲ್ಲಿ ಊಟಮಾಡಲಿ ಎಂದು 34ರಲ್ಲಿ ಪೌಲನು ಹೇಳುತ್ತಾನಲ್ಲ, ಅದು ಸಿರಿವಂತರಿಗೆ ಕೊಟ್ಟ ರಿಯಾಯಿತಿಯೇ? ಮನೆಯಲ್ಲಿ ಬೇಕಾದಂತೆ ಉಂಡು ಬನ್ನಿ, ಇಲ್ಲಿ ಮಾತ್ರ ಸಮಾನರಂತೆ ಇರಿ ಎಂದಂತಾಯಿತೇ? ಹಾಗೆ ವಾದಿಸುವ ವಿದ್ವಾಂಸರಿದ್ದಾರೆ, ಅವರ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಆದರೆ 33ರ "ಒಬ್ಬರಿಗಾಗಿ ಒಬ್ಬರು ಕಾದುಕೊಂಡಿರಿ" ಎಂಬ ಮಾತನ್ನು ಆ ಕಾಲದ ಯಜಮಾನನ ಕಿವಿಯಿಂದ ಕೇಳಬೇಕು. ತನ್ನ ಮನೆಯಲ್ಲಿ, ತನ್ನ ಅಡುಗೆಯ ಮುಂದೆ, ತನ್ನದೇ ಗುಲಾಮ ಕೆಲಸ ಮುಗಿಸಿ ಬರುವ ತನಕ ಅವನು ಕೈಕಟ್ಟಿ ಕಾಯಬೇಕಿತ್ತು. ಹಾಗೆ ಕಾಯುವಂತೆ ಆ ಯಜಮಾನನಿಗೆ ಊರಿನ ಬೇರೆ ಯಾವ ಔತಣವೂ ಹೇಳುತ್ತಿರಲಿಲ್ಲ.