ಅಲೆಗ್ರೊ ಫಿಲ್ಮ್ಸ್ ಮತ್ತು ‘ದ ಟ್ರೌಟ್’: ಸಂಗೀತವನ್ನು ಚಿತ್ರಿಸುವ ಕ್ರಮ

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಲಂಡನ್ನಿನ ಬಿಬಿಸಿಯಲ್ಲಿ ದುಡಿದ ಕ್ರಿಸ್ಟೋಫರ್ ನೂಪೆನ್ 1968ರಲ್ಲಿ ಅಲೆಗ್ರೊ ಫಿಲ್ಮ್ಸ್ ಆರಂಭಿಸಿದಾಗ, ಬ್ರಿಟನ್ನಿನಲ್ಲಿ ಟೆಲಿವಿಷನ್ ಕಾರ್ಯಕ್ರಮಗಳನ್ನು ಬಹುಮಟ್ಟಿಗೆ ಪ್ರಸಾರ ಸಂಸ್ಥೆಗಳೇ ತಯಾರಿಸಿಕೊಳ್ಳುತ್ತಿದ್ದವು. ಹೊರಗಿನ ನಿರ್ಮಾಪಕರಿಂದಲೇ ಕಾರ್ಯಕ್ರಮ ಮಾಡಿಸುವ ಚಾನೆಲ್ 4 ಬಂದದ್ದು 1982ರಲ್ಲಿ. ಅಂಥ ಕಾಲದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚಿತ್ರಗಳನ್ನೇ ನಂಬಿ ಸ್ವತಂತ್ರ ಸಂಸ್ಥೆ ಕಟ್ಟಿದ್ದು ಸಣ್ಣ ಧೈರ್ಯವಲ್ಲ.

ಆ ಧೈರ್ಯಕ್ಕೆ ಯಂತ್ರದ ಬೆಂಬಲವೂ ಇತ್ತು. ಹಳೆಯ 16 ಎಂ.ಎಂ. ಕ್ಯಾಮೆರಾಗಳು ಓಡುವಾಗ ಗರಗರ ಸದ್ದು ಮಾಡುತ್ತಿದ್ದುದರಿಂದ ಅವನ್ನು ವಾದಕರ ಬಳಿಗೆ ಒಯ್ಯುವಂತಿರಲಿಲ್ಲ. 1960ರ ದಶಕದಲ್ಲಿ ಬಂದ, ಹೆಗಲ ಮೇಲಿಟ್ಟುಕೊಳ್ಳಬಹುದಾದ ಸದ್ದಿಲ್ಲದ ಕ್ಯಾಮೆರಾಗಳಿಂದಾಗಿ, ಕಮಾನು ತಂತಿಯನ್ನು ಮೆಲ್ಲಗೆ ಸವರುವ ಗಳಿಗೆಯನ್ನೂ ಹತ್ತಿರದಿಂದಲೇ ಹಿಡಿಯುವುದು ಸಾಧ್ಯವಾಯಿತು. ಆದರೂ 400 ಅಡಿಯ ಒಂದು ಸುರುಳಿ ಓಡುವುದು ಸುಮಾರು 11 ನಿಮಿಷ ಮಾತ್ರ. ನಲವತ್ತು ನಿಮಿಷದ ಕೃತಿಯನ್ನು ಎಡೆಬಿಡದೆ ಚಿತ್ರಿಸಬೇಕಾದರೆ ಹಲವು ಕ್ಯಾಮೆರಾಗಳು ಬೇಕು. ಒಂದರಲ್ಲಿ ಸುರುಳಿ ಬದಲಿಸುವಾಗ ಇನ್ನೊಂದು ಓಡುತ್ತಿರಬೇಕು.

1969ರ ಆಗಸ್ಟಿನಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ನಡೆದ ಕಚೇರಿಯ ಚಿತ್ರವೇ ‘ದ ಟ್ರೌಟ್’. ಆಸ್ಟ್ರಿಯಾದ ಸಂಗೀತ ರಚನಾಕಾರ ಶೂಬರ್ಟ್, ‘ದ ಟ್ರೌಟ್’ (ಒಂದು ಬಗೆಯ ಮೀನು) ಎಂಬ ತಮ್ಮದೇ ಹಾಡಿನ ಧಾಟಿಯನ್ನು ಬಳಸಿ 1819ರಲ್ಲಿ ರಚಿಸಿದ ಪಂಚವಾದ್ಯ ಕೃತಿಗೆ ಪಿಯಾನೊದಲ್ಲಿ ಡೇನಿಯಲ್ ಬರೆನ್‌ಬಾಯ್ಮ್, ಪಿಟೀಲಿನಲ್ಲಿ ಇಟ್ಜಾಕ್ ಪರ್ಲ್‌ಮನ್, ವಿಯೋಲದಲ್ಲಿ ಪಿಂಕಾಸ್ ಜುಕರ್‌ಮನ್, ಚೆಲ್ಲೊದಲ್ಲಿ ಜಾಕ್ವೆಲಿನ್ ದು ಪ್ರೆ ಕುಳಿತಿದ್ದರು. ಮುಂಬಯಿಯಲ್ಲಿ ಹುಟ್ಟಿ, ಆ ಹೊತ್ತಿಗೆ ವಾದ್ಯವೃಂದದ ನಿರ್ದೇಶಕರಾಗಿ ಹೆಸರಾಗಿದ್ದ ಜುಬಿನ್ ಮೆಹ್ತಾ, ವಿಯೆನ್ನಾದಲ್ಲಿ ಕಲಿತಿದ್ದ ಡಬಲ್ ಬಾಸ್ (ಪಿಟೀಲಿನಂಥದೇ, ಆದರೆ ಬಲು ದೊಡ್ಡ ತಂತಿವಾದ್ಯ) ಹಿಡಿದರು. ಐವರಲ್ಲಿ ಹಿರಿಯರಾದ ಅವರಿಗೆ ಆಗ 33 ವರ್ಷ.

ಚಿತ್ರದ ಮೊದಲ ಭಾಗ ತಾಲೀಮಿನದು. ಆಮೇಲೆ ಇಡೀ ಕೃತಿಯ ವಾದನ. ನನ್ನ ದೃಷ್ಟಿಯಲ್ಲಿ ಚಿತ್ರದ ಜೀವಾಳವಿರುವುದು ಈ ಜೋಡಣೆಯಲ್ಲಿ. ತೆರೆಮರೆಯಲ್ಲಿ ಒಬ್ಬರ ವಾದ್ಯ ಇನ್ನೊಬ್ಬರು ಕಸಿದು ನುಡಿಸಿ ನಕ್ಕವರೇ ವೇದಿಕೆಗೆ ಬಂದೊಡನೆ ಬೇರೆಯವರಾಗುತ್ತಾರೆ. ಯಕ್ಷಗಾನದ ಚೌಕಿಯಲ್ಲಿ ಕುಳಿತು, ಆಮೇಲೆ ರಂಗವನ್ನೂ ನೋಡಿದವರಿಗೆ ಈ ಬದಲಾವಣೆಯ ಅರ್ಥ ಬೇಗನೆ ಆಗುತ್ತದೆ. ನೂಪೆನ್ ಈ ಕಲಾವಿದರ ಸ್ನೇಹಿತರಾಗಿದ್ದರು. ಕ್ಯಾಮೆರಾದ ಎದುರು ಅವರು ಅಷ್ಟು ಸಲೀಸಾಗಿ ಇರುವುದಕ್ಕೆ ಸಲುಗೆಯೂ ಕಾರಣ.

ದು ಪ್ರೆಗೆ 1973ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆ ಇರುವುದು ಪತ್ತೆಯಾಯಿತು, ವಾದನ ನಿಂತಿತು; 1987ರಲ್ಲಿ, 42ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಚಿತ್ರ ನೋಡುವಾಗ ನಾಲ್ಕನೆಯ ಭಾಗಕ್ಕೆ ವಿಶೇಷ ಗಮನ ಕೊಡಿ. ಅಲ್ಲಿ ಆ ‘ಟ್ರೌಟ್’ ಹಾಡಿನ ಧಾಟಿಯನ್ನು ಪಿಯಾನೊ ಇಲ್ಲದೆ ತಂತಿವಾದ್ಯಗಳಷ್ಟೇ ಮೊದಲು ನುಡಿಸುತ್ತವೆ. ಆಮೇಲೆ ಆ ಧಾಟಿಯೇ ಬೇರೆ ಬೇರೆ ರೂಪ ತಾಳುತ್ತದೆ; ಅದರ ಐದನೆಯ ರೂಪಾಂತರದಲ್ಲಿ ಮುಂದಾಳತ್ವ ಚೆಲ್ಲೊಗೆ ಬರುತ್ತದೆ.